ಮುಂಬಯಿಗೆ ಒಂದು ಪ್ರದಕ್ಷಿಣೆ

ಮುಂಬಯಿ,
೧೨ ಡಿಸೆಂಬರ್ ೧೯೩೭
(ಲಿಂಗಸುಗೂರು ಕಚೇರಿಯ ಲೆಕ್ಕದಲ್ಲಿ ಫಸಲಿ ೧೩೪೭. ಇಲ್ಲಿ ಆ ಲೆಕ್ಕ ಯಾರಿಗೂ ಬೇಡ.)

ಚಿರಂಜೀವಿ ತಂಗಿ ಅಯ್ಯಮ್ಮನಿಗೆ,

ಅಣ್ಣ ಗ್ಯಾನಪ್ಪನ ಆಶೀರ್ವಾದ. ಎರಡು ಪಾದಗಳನ್ನು ಬಿಟ್ಟರೆ ಉಳಿದ ನಾನು ಕ್ಷೇಮ. ಸಂತೆಕಲ್ಲೂರಿನಲ್ಲಿ ನೀನು, ನಿನ್ನ ಅತ್ತೆ ಗದ್ದೆಮ್ಮನವರು, ಎತ್ತು, ಎಮ್ಮೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮುಟ್ಟಿದ ಕೂಡಲೇ ಬರೆಯುತ್ತೇನೆಂದು ಹೇಳಿ ಬಂದವನು ಇಷ್ಟು ದಿನ ಸುಮ್ಮನಿದ್ದೆ, ಕ್ಷಮಿಸು. ಬರೆಯಲು ಸುದ್ದಿ ಇರಲಿಲ್ಲ. ಈಗ ಇದೆ. ನೀನು ಹೇಗೂ ಕೊನೆಯ ಸಾಲಿಗೆ ಜಿಗಿಯುವವಳು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಿನ್ನ ಗಂಡ ಸಿಕ್ಕಿದ್ದಾನೆ. ಬೆಳಗಾಗಿದ್ದರೂ ನನ್ನ ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ. ನಾಳೆ ರಾಯಚೂರಿನ ರೈಲು ಹತ್ತುತ್ತೇವೆ.

ಇಷ್ಟಕ್ಕೇ ನಿನಗೆ ಸಮಾಧಾನವಾಗದು ಎಂದು ಬಲ್ಲೆ. ಹೊರಡುವಾಗ ನೀನು ಹೇಳಿದ ಮಾತು ಕಿವಿಯಲ್ಲೇ ಇದೆ: "ಕರ್ಕೊಂಡು ಬಾ ಅನ್ನಂಗಿಲ್ಲ ಅಣ್ಣಾ. ಯಾಕ ಹ್ವಾದ ಅಂತ ಕೇಳ್ಕೊಂಡು ಬಾ, ಅಷ್ಟ ಸಾಕು." ಅದನ್ನೂ ಕೇಳಿದ್ದೇನೆ. ಸಹಿಯವರೆಗೆ ಅತ್ತೆಯ ಮುಂದೆ ಗಟ್ಟಿಯಾಗಿ ಓದು.

ಮಸ್ಕಿಯ ಹುಸೇನ್‌ಸಾಬ್ ಬರೆದದ್ದು ಸುಳ್ಳಲ್ಲ. ಬಂದರಿನಲ್ಲಿ ಮೂಟೆ ಹೊರುವ ಅವನು ಕನಕರಾಯನನ್ನು ಕಣ್ಣಾರೆ ಕಂಡಿದ್ದ. ಬಸ್ರಾಕ್ಕೆ ಹೋಗುವ ಹಡಗಿನ ಹೊಟ್ಟೆಯೊಳಗೆ ನಿಂತು ಬೆಂಕಿಗೆ ಕಲ್ಲಿದ್ದಲು ಎರಚುವ ನೌಕರಿಗೆ ನಿನ್ನ ಗಂಡ ಹೆಬ್ಬೆಟ್ಟು ಒತ್ತಿದ್ದ. ಜೋಳದ ಹೊಲದಲ್ಲಿ ಹೊತ್ತು ಏರುವ ಮೊದಲೇ ಬೇವಿನ ನೆರಳು ಹುಡುಕುವ ಮಹಾನುಭಾವ ಇವನೇ ಎಂಬುದನ್ನು ಹಡಗಿನವರಿಗೆ ಯಾರೂ ತಿಳಿಸಿರಲಿಲ್ಲ.

ಅವನಿದ್ದ ಖೋಲಿ ಹುಡುಕುವುದರಲ್ಲೇ ದಿನಗಳು ಹೋದವು. ನಿನ್ನೆ ನಸುಕಿಗೆ ಅಲ್ಲಿಗೆ ಮುಟ್ಟಿದರೆ, ಹಡಗು ಸಂಜೆಗೆ ಹೊರಡುತ್ತದೆ, ಅವನು ಆಗಲೇ ಎದ್ದು ಹೋಗಿದ್ದಾನೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತೆಂಗಿನಕಾಯಿ. ಗಂಗಮ್ಮನಿಗೆ ಕಾಯಿ ಒಡೆದು ಬರುತ್ತೇನೆಂದು ಹೇಳಿದನಂತೆ. ಕೃಷ್ಣೆಯನ್ನು ದಾಟುವ ಮುಂಚೆ ನಾವು ಮಾಡುವುದಿಲ್ಲವೇ, ಹಾಗೆ. ಕಾಯಿ ಎಲ್ಲಿ ಒಡೆಯುತ್ತಾನೆಂದು ಖೋಲಿಯವರನ್ನು ಕೇಳಿದರೆ, ಸಮುದ್ರದಲ್ಲಿ ಎಂದರು.

ಹುಸೇನ್‌ಸಾಬ್ ಬಂದರಿನ ಬಾಗಿಲಲ್ಲಿ ಕಾವಲು ನಿಂತ. ನಾನು ನಮ್ಮ ಹಿರಿಯರ ಕ್ರಮ ಅನುಸರಿಸಿದೆ. ಎಮ್ಮೆ ಕಳೆದರೆ ಕೆರೆಯ ದಂಡೆ ಹಿಡಿದು ಸುತ್ತಬೇಕು. ಸುತ್ತು ಮುಗಿಯುವುದರೊಳಗೆ ಎಲ್ಲೋ ಒಂದು ಕಡೆ ಅದು ನೀರಿಗೆ ಮೂತಿ ಇಟ್ಟಿರುತ್ತದೆ. ನಿನ್ನ ಗಂಡನನ್ನು ಎಮ್ಮೆಗೆ ಹೋಲಿಸಿದೆನೆಂದು ಅತ್ತೆ ಮುನಿಯಬಾರದು. ಎಮ್ಮೆ ಹೇಳದೆ ಕೇಳದೆ ಬಸ್ರಾಕ್ಕೆ ಹೊರಡುವುದಿಲ್ಲ.

ಸಮುದ್ರವನ್ನು ಎಡಗೈಗೆ, ಊರನ್ನು ಬಲಗೈಗೆ ಇಟ್ಟುಕೊಂಡು ನಡೆದೆ. ಶಾಸ್ತ್ರೋಕ್ತವಾದ ಪ್ರದಕ್ಷಿಣೆ. ಮೊದಲಿಗೆ ಬಂದರಿನ ಗೋಡೆಗಳೇ ಗೋಡೆಗಳು. ಸಮುದ್ರ ಎಷ್ಟು ದೊಡ್ಡದೆಂದು ಕೇಳಿದ್ದೆನೋ, ಅದನ್ನು ಬಚ್ಚಿಟ್ಟ ಗೋಡೆ ಅದಕ್ಕೂ ದೊಡ್ಡದು. ಅಪೋಲೊ ಬಂದರಿನ ದೊಡ್ಡ ಕಮಾನಿನ ಕೆಳಗೆ ಒಬ್ಬ ಸಿಪಾಯಿಯನ್ನು ಕೇಳಿದೆ. ಡಿಸೆಂಬರಿನಲ್ಲೂ ಬೆವರುವ ಈ ಊರಲ್ಲಿ ಕಂಬಳಿ ಹೊತ್ತು ತಿರುಗುವವನನ್ನು ಯಾರು ಮರೆಯುತ್ತಾರೆ? ಕೊಲಾಬಾದ ಕಡೆ ಕೈ ತೋರಿದ. ಕೊಲಾಬಾದ ತುದಿಯಲ್ಲಿ ಗೋರಾ ಪಲ್ಟನ್ನಿನವರು ನನ್ನನ್ನು ಗದರಿಸಿ ಹಿಂದಕ್ಕೆ ಕಳಿಸಿದರು. ತಹಸೀಲು ಕಚೇರಿಯ ಗುಮಾಸ್ತನೆಂದು ಸ್ವಚ್ಛ ಉರ್ದುವಿನಲ್ಲಿ ಹೇಳಿಕೊಂಡೆ. ಏನೂ ಪರಿಣಾಮವಾಗಲಿಲ್ಲ.

ಅಲ್ಲಿಂದ ತಿರುಗಿದರೆ ಸಮುದ್ರ ಪೂರ್ತಿ ಬಯಲಾಗಿ ಎದುರಿಗೆ ನಿಂತಿತು, ಅಯ್ಯಮ್ಮ. ನಾನು ಸ್ವಲ್ಪ ಹೊತ್ತು ಎಮ್ಮೆಯನ್ನು ಮರೆತೆ. ಆಚೆ ದಂಡೆ ಇಲ್ಲ. ಕಣ್ಣು ಹೋಗಿ ಹೋಗಿ ದಣಿದು ವಾಪಸ್ಸು ಬರುತ್ತದೆ. ದಂಡೆಯ ಮೇಲೆ ಕೋಟು ತೊಟ್ಟ ಮುದುಕರು ವೇಗವಾಗಿ ಹೋಗುವುದು, ಅಷ್ಟೇ ವೇಗವಾಗಿ ತಿರುಗಿ ಬರುವುದು ಮಾಡುತ್ತಿದ್ದರು. ಏನು ಕಳೆದಿದೆ ಎಂದು ಒಬ್ಬರನ್ನು ಮರುಕದಿಂದ ಕೇಳಿದೆ. ಏನೂ ಇಲ್ಲ, ಹವಾ ತಿನ್ನುತ್ತಿದ್ದೇವೆ ಎಂದರು. ಸಂಬಳವಿಲ್ಲದೆ, ಕೆಲಸವಿಲ್ಲದೆ, ದೇವರ ಹರಕೆಯೂ ಇಲ್ಲದೆ ನಡೆಯುವ ಜನರನ್ನು ಮೊದಲ ಸಲ ಕಂಡೆ.

ಚೌಪಾಟಿಯ ಉಸುಕಿನಲ್ಲಿ ಚಪ್ಪಲಿಯ ಉಂಗುಟ ಕಿತ್ತಿತು. ವಾಲ್ಕೇಶ್ವರದ ಗುಡ್ಡ ಹತ್ತಿ ಇಳಿದೆ. ಮಧ್ಯಾಹ್ನ ಮೀರಿದ ಮೇಲೆ ಮಹಾಲಕ್ಷ್ಮಿಯ ಹತ್ತಿರ ಮೀನು ಮಾರುವ ಹೆಂಗಸೊಬ್ಬಳು ನಕ್ಕು, ಕಂಬಳಿಯವನು ಹಾಜಿ ಅಲಿ ದರ್ಗಾದ ಕಡೆ ಹೋದ ಎಂದಳು. ಆ ದರ್ಗಾ ಸಮುದ್ರದೊಳಗೆ ಬಂಡೆಯ ಮೇಲಿದೆ, ದಂಡೆಯಿಂದ ಅಲ್ಲಿಗೊಂದು ಸಣ್ಣ ಕಾಲುದಾರಿ. ದಾರಿಯ ಬಾಯಲ್ಲಿ ಹೂವು ಮಾರುವ ಮುದುಕಿ ಖಾಸಿಂಬೀ ಎಂಬಾಕೆ, ನೀರು ಬರುವ ಹೊತ್ತಾಯಿತು, ಹೋಗಬೇಡ ಬೇಟಾ ಎಂದಳು. ನಾನು ಆಕಾಶ ನೋಡಿದೆ. ಒಂದು ಚೂರು ಮೋಡವಿಲ್ಲ. ಮಸ್ಕಿಯ ಹಳ್ಳದ ಪಕ್ಕ ಬೆಳೆದವನಿಗೆ ನೀರಿನ ವಿಷಯ ಯಾರೂ ಹೇಳಬೇಕಾಗಿಲ್ಲ: ಮೇಲೆ ಮಳೆಯಾಗದೆ ಕೆಳಗೆ ನೀರು ಬರುವುದಿಲ್ಲ. ಇದನ್ನು ಆಕೆಗೆ ಸಾವಧಾನವಾಗಿ ತಿಳಿಸಿ ಮುಂದೆ ನಡೆದೆ.

ದರ್ಗಾದ ಹಿಂದಿನ ಬಂಡೆಯ ಮೇಲೆ ನಿನ್ನ ಗಂಡ ಕಂಬಳಿ ಹಾಸಿ ಕೂತಿದ್ದ. ಕಾಯಿ ಒಡೆದಿರಲಿಲ್ಲ, ಮಡಿಲಲ್ಲೇ ಇತ್ತು.

"ಮಾವ, ನೀ ಹೆಂಗ ಬಂದಿ?"

"ನಡಕೊಂತ ಬಂದೀನಿ."

"ಊರಿಂದನಾ?"

ಉತ್ತರ ಕೊಡುವ ಮೊದಲು ಹಿಂದೆ ತಿರುಗಿದೆ. ಬಂದ ದಾರಿ ಇರಲಿಲ್ಲ. ಅದರ ಮೇಲೆ ನೀರು ಆಡುತ್ತಿತ್ತು. ಮಾವ ಅಳಿಯ ಇಬ್ಬರೂ ಒಟ್ಟಿಗೆ ತಲೆ ಎತ್ತಿ ಆಕಾಶ ನೋಡಿದೆವು.

"ಮ್ಯಾಲ ಎಲ್ಲ್ಯರ ಮಳಿ ಆಗೇತೇನ್ ಮಾವ?"

ತಿಳಿದ ಜನವೆಲ್ಲ ಆಗಲೇ ದಂಡೆ ಸೇರಿದ್ದರು. ನಮ್ಮಂತೆ ಮೋಡ ನೋಡಿ ನೀರಿನ ಭವಿಷ್ಯ ಹೇಳುವವರು ಆ ಇಡೀ ಬಂಡೆಯ ಮೇಲೆ ಇಬ್ಬರೇ. ದರ್ಗಾದ ಮುಜಾವರರು ನಮ್ಮ ಪ್ರಶ್ನೆ ಕೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಈ ನೀರಿಗೆ ಮಳೆ ಬೇಡ, ದಿನವೂ ತಾನೇ ಏರುತ್ತದೆ, ತಾನೇ ಇಳಿಯುತ್ತದೆ, ಹೊತ್ತು ಮುಳುಗುವವರೆಗೆ ಕೂತಿರಿ ಎಂದರು.

ಕನಕರಾಯ ಗಾಬರಿಯಾದ. ಹಡಗು ತಪ್ಪುತ್ತದೆಂದು ಧೋತರ ಎತ್ತಿ ಕಟ್ಟಿ ಮೊಣಕಾಲಿನವರೆಗೆ ಇಳಿದೇಬಿಟ್ಟ. ಈಜು ಬಾರದವನು. ಅವನ ಕಂಬಳಿಯ ಒಂದು ಚುಂಗು ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬುದ್ಧಿ ಹೇಳಲು ಬಾಯಿ ಬರಲಿಲ್ಲ. ಬಾಯಿಗೆ ಬಂದ ಊರ ಸುದ್ದಿಗಳನ್ನೇ ಹೇಳುತ್ತ ಹೋದೆ: ಎಮ್ಮೆ ಈದದ್ದು, ಗಾಳೆಪ್ಪನ ಬಾವಿಯ ಹಗ್ಗ ಹರಿದದ್ದು, ಯಾರ ಮದುವೆ ಯಾರೊಡನೆ ಆಯಿತೆಂಬುದು. ನಡುವೆ ಎಲ್ಲೋ ಅವನ ಕಾಲು ನೀರಿನಿಂದ ಹಿಂದೆ ಬಂತು. ಬಂದವನು ಕೂತ. ಕಾಯಿಯನ್ನು ಬಂಡೆಗೆ ಹೊಡೆದು ಒಂದು ಹೋಳು ಗಂಗಮ್ಮನಿಗೆ ಬಿಟ್ಟ, ಇನ್ನೊಂದು ನನಗೆ ಕೊಟ್ಟ. ಹಸಿವಾಗಿತ್ತು, ತಿಂದೆ. ಹೊತ್ತು ಮುಳುಗುವಾಗ ದೂರದಲ್ಲೊಂದು ಹಡಗು ಹೊಗೆ ಬಿಡುತ್ತ ಹೋಯಿತು. ಅವನದೇ ಇರಬಹುದು. ತಲೆಯ ಮೇಲಿನ ಸಗಣಿ ಮಂಕರಿ ಇಳಿಸಿದವನಂತೆ ಅವನು ಹೆಗಲು ಇಳಿಬಿಟ್ಟು ಉಸಿರು ಬಿಟ್ಟ.

ಯಾಕೆ ಬಿಟ್ಟು ಬಂದೆ ಎಂದು ಕೇಳಿದೆ. ಊರಲ್ಲಿ ಬಿಸಿಲು ಬಹಳ ಎಂದ.

ನೀರು ಇಳಿದ ಮೇಲೆ ವಾಪಸ್ಸು ಬಂದೆವು. ಖಾಸಿಂಬೀ ಅಲ್ಲೇ ಇದ್ದಳು. ಮಳೆ ಹೇಗಾಯಿತು ಎಂದು ವಿಚಾರಿಸಿದಳು.

ಅತ್ತೆಯವರಿಗೆ ನಮಸ್ಕಾರ, ಮಗನಿಗಾಗಿ ರೊಟ್ಟಿ ಬಡಿಯಲು ಹೇಳು. ನಿನಗೆ ಎಲ್ಲ ದೇವರೂ ಒಳ್ಳೆಯದು ಮಾಡಲಿ, ಭೂಮಿಯ ಮೇಲಿನವರೂ, ನೀರಿನ ನಡುವಿನವರೂ.

ನಿನ್ನ ಅಣ್ಣ,
ಗ್ಯಾನಪ್ಪ

ತಾ.ಕ.: ಇದನ್ನು ಒಬ್ಬಳೇ ಓದು. ಬಿಸಿಲಿನ ಮಾತು ಅತ್ತೆಯ ಕಿವಿಗೆ. ಅವನ ಕಾಲು ಹಿಂದೆ ಬಂದದ್ದು ಪಾಮನಕಲ್ಲೂರಿನ ಅಂಬಪ್ಪನ ಮಗಳ ಮದುವೆ ಸಿಂಧನೂರಿನ ವರನೊಡನೆ ಮುಗಿದುಹೋಯಿತು ಎಂದಾಗ. ನಿನಗೆ ಮಕ್ಕಳಾಗಲಿಲ್ಲವೆಂದು ಅತ್ತೆ ಎರಡನೆಯವಳಾಗಿ ತರಲು ಮಾತು ಕೊಟ್ಟು ಬಂದಿದ್ದ ಹುಡುಗಿ ಅವಳು. ಬಂಜಿಯ ಮಾರಿ ನೋಡಲಾರದೆ ಹೋದ ಎಂದು ನೀನು ನನ್ನ ಮುಂದೆ ಕಣ್ಣೀರಿಟ್ಟೆಯಲ್ಲ, ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಎಳ್ಡನೇ ಲಗ್ನದಾಗ ಮದಲನೇ ಹೇಣ್ತಿ ಆರತಿ ಹಿಡೀಬೇಕಂತ, ಮಾವ. ಅಯ್ಯಮ್ಮನ ಕೈಯಾಗ ಆ ತಾಟು ಕೊಡೋದನ್ನ ನಿಂತು ನೋಡಾಕ ನನ್ನ ಕೈಲೆ ಆಗಂಗಿಲ್ಲ. ಅವ್ವಗ ಬ್ಯಾಡ ಅನ್ನಾಕ ಧೈರ್ಯ ಸಾಲಲಿಲ್ಲ. ಓಡಿ ಬಂದ್ನಿ."

ಹೇಡಿ ಎಂದು ಬೈ, ನಿನಗೆ ಪೂರ್ಣ ಹಕ್ಕಿದೆ, ನಾನೂ ರೈಲಿನಲ್ಲಿ ಬೈಯುವವನಿದ್ದೇನೆ. ಬಿಟ್ಟುಹೋದ ಎಂದು ಮಾತ್ರ ಇನ್ನು ಅನ್ನಬೇಡ.