ಹಗ್ಗದ ಮೇಲಿನ ಅಂಗಿ

ಪೆದ್ರಾ ದೊ ಉಂಬು, ಪರಾಯಿಬಾ
ಭಾನುವಾರ, 26 ಮೇ 1974

ಮುದ್ದು ಮೊಮ್ಮಗಳೇ ಜಂದೀರಾ,

ಕೆಮ್ಮು ಹೇಗಿದೆ? ಜೇನಿಗೆ ನಿಂಬೆ ಹಿಂಡಿ ಕುಡಿ, ಮಾತ್ರೆ ನುಂಗಿ ರೆಸೀಫೆಯ ಅಂಗಡಿಯವರನ್ನು ಉದ್ಧಾರ ಮಾಡಬೇಡ. ನನ್ನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಮೇಕೆ ಮರಿ ಹಾಕಿದೆ. ಒಂದಕ್ಕೆ ನಮ್ಮ ಊರಿನ ಪುರಸಭೆ ಅಧ್ಯಕ್ಷನ ಮುಖ. ಪಾಪ, ಮರಿಯದೇನು ತಪ್ಪು.

ನಿನ್ನ ಪದ್ಯದ ಕಥೆ ಸಂತೆಗೆ ಬಂದ ಶನಿವಾರ ನೀನು ಇಲ್ಲಿ ಇರಬೇಕಿತ್ತು ಕಣೇ. ಪದ್ಯದ ಪುಸ್ತಕ ಮಾರುವ ಅನಾಕ್ಲೆತೊ ನಿನ್ನ ಪುಸ್ತಕಗಳನ್ನು ಹಗ್ಗಕ್ಕೆ ಸಿಕ್ಕಿಸಿ, ಎಂದಿನಂತೆ ಗಂಟಲು ಸರಿಮಾಡಿಕೊಂಡು ಹಾಡಿದ. ಬಟ್ಟೆ ಒಗೆಯುವ ವಿಧವೆ ಸತ್ತು ಸ್ವರ್ಗಕ್ಕೆ ಹೋದರೆ ಅಲ್ಲೂ ಅವಳಿಗೆ ಬಟ್ಟೆ ರಾಶಿಯೇ ಕಾದಿರುವುದು, ಅದರಲ್ಲಿ ಒಬ್ಬ ಜಮೀನ್ದಾರನ ಅಂಗಿಯ ಕಲೆ ಹೋಗದೇ ಇರುವುದು, ಅವಳು ಸಿಟ್ಟಾಗಿ ಅದನ್ನು ಹಾಗೆಯೇ ಸ್ವರ್ಗದ ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಒಣಹಾಕುವುದು. ಆಗ ದೇವರೇ ಎದ್ದು ಬಂದ ಎನ್ನುವಲ್ಲಿ ಅನಾಕ್ಲೆತೊ ಬಾಯಿ ಮುಚ್ಚಿದ. ಅವನ ಕಸುಬೇ ಅದಲ್ಲವೇ, ಕೊನೆ ಬೇಕಾದರೆ ಪುಸ್ತಕ ಕೊಳ್ಳಬೇಕು. ಜನ ಜೇಬಿಗೆ ಕೈ ಹಾಕುವಷ್ಟರಲ್ಲಿ ಅಧ್ಯಕ್ಷ ಅರ್ನೋಬಿಯೊ ನುಗ್ಗಿ ಬಂದು, "ಇದು ನಮ್ಮಜ್ಜನ ಅಂಗಿ, ಯಾವಳು ಬರೆದದ್ದು ಇದನ್ನ" ಎಂದ. ಒಣಮಾಂಸ ಮಾರುವ ಕಿತೇರಿಯಾ ಚೂರಿ ಒರೆಸುತ್ತ, "ಅಂಗಿ ಮೇಲೆ ಹೆಸ್ರೇ ಇರ್ಲಿಲ್ಲ ಸ್ವಾಮಿ, ನೀವೇ ಓಡಿ ಬಂದು ತೊಟ್ಕೊಂಡ್ರಿ" ಎಂದಳು. ಆ ನಗು ಕತ್ತೆಗಳಿಗೂ ಕೇಳಿರಬೇಕು. ಆ ನಗುವಿಗೇ ಅವನು ಪೇದೆಯನ್ನು ಕಳಿಸಿ ಪುಸ್ತಕ ಕಿತ್ತುಹಾಕಿಸಿದ್ದು, ಮಾರಕೂಡದೆಂದು ಆಜ್ಞೆ ಹೊರಡಿಸಿದ್ದು. ನಾನೂ ಅನಾಕ್ಲೆತೊನೂ ಬಿಟ್ಟರೆ ಊರಿನಲ್ಲಿ ಕಥೆಯ ಕೊನೆ ಗೊತ್ತಿದ್ದವರೆಂದರೆ ಆಗ ಅವನು ಮತ್ತು ನಮ್ಮ ಪಾದ್ರಿ ಇಬ್ಬರೇ.

ಪಾದ್ರಿ ನನ್ನ ಬಾಗಿಲಿಗೂ ಬಂದರು. "ನಿನ್ನ ಮೊಮ್ಮಗಳು ದೇವರ ಕೈಗೆ ಸಾಬೂನು ಕೊಟ್ಟಿದ್ದಾಳೆ, ಇದು ಅವಮಾನ" ಎಂದರು. ಕಾಫಿ ಕೊಟ್ಟು ಕೇಳಿದೆ: "ಶಿಷ್ಯರ ಕಾಲು ತೊಳೆದ ಕೈ ತಾನೆ ಫಾದರ್, ಅಂಗಿ ತೊಳೆದ್ರೆ ಸವೆಯುತ್ತಾ?" ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಹೇಳಿ ಎದ್ದುಹೋದರು.

ಈಗ ನಿನ್ನ ಕಾಗದದ ವಿಷಯ. ಕೊನೆ ಬದಲಾಯಿಸಿ, ದೇವದೂತರು ಜಮೀನ್ದಾರನಿಗೆ ಹೊಸ ಅಂಗಿ ತೊಡಿಸುವ ಹಾಗೆ ಬರೆದರೆ ಜೂನ್ ಹಬ್ಬಕ್ಕೆ ಪುರಸಭೆಯೇ ಅಚ್ಚು ಹಾಕಿಸುತ್ತದೆಯಂತೆ. ಹೇಗಾದರೂ ನಮ್ಮ ಸಂತೆಯಲ್ಲಿ ಹಾಡಿದರೆ ಸಾಕು, ಆಶೀರ್ವಾದ ಮಾಡು ಅಜ್ಜಿ, ಒಪ್ಪಿಕೊಳ್ಳಲೇ ಎಂದು ಕೇಳಿದ್ದೀ. ಆಶೀರ್ವಾದ ಮಾಡಿದ್ದೇನೆ. ಒಪ್ಪಿಗೆ ಇಲ್ಲ.

ನಿನ್ನ ಪದ್ಯದಲ್ಲಿ ಊನವೇ ಇಲ್ಲ ಎಂದು ಉಬ್ಬಬೇಡ. ವಿಧವೆ ಸ್ವರ್ಗದಲ್ಲಿ ನೀರು ಸೇದುವ ಬಾವಿಯ ಪದ್ಯ ಕುಂಟುತ್ತದೆ. ಪ್ರಾಸ ಸಿಗದೆ ಒಂದು ಕೋಳಿಯನ್ನು ಹಿಡಿದು ತಂದು ಕೂರಿಸಿದ್ದೀ. ಸ್ವರ್ಗದಲ್ಲಿ ಕೋಳಿಗೇನು ಕೆಲಸ? ಅದನ್ನು ತಿದ್ದು, ಕಿವಿಗೆ ಚುಚ್ಚುತ್ತದೆ. ಆದರೆ ಅಧ್ಯಕ್ಷನಿಗೆ ಚುಚ್ಚಿತೆಂದು ಒಂದಕ್ಷರ ತಿದ್ದಬೇಡ. ನಾನು ಸತ್ತೂ ಇಲ್ಲ, ದೇವರ ಅಂಗಳ ಕಂಡೂ ಇಲ್ಲ. ಎಲ್ಲ ನೀನು ಕಟ್ಟಿದ ಕಥೆಯೆಂದು ಗೊತ್ತಿದ್ದರೂ ನೀನು ಓದಿ ಹೇಳಿದ ದಿನ ನನ್ನ ಬೆರಳಿಗೆ ಆ ನೀರಿನ ತಂಪು ತಗುಲಿತು. ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಆ ವಿಧವೆಯ ಬಾಯಿ ಯಾರದೆಂದು ಕೇಳುವವರಿಗೆಲ್ಲ ನನ್ನದೇ ಎಂದು ಎದೆ ತಟ್ಟಿ ಹೇಳುತ್ತಿದ್ದೇನೆ.

ಹಬ್ಬಕ್ಕೆ ಬಾ, ಎಳೆ ಜೋಳದ ಕಡುಬು ಮಾಡುತ್ತೇನೆ. ದೇವರು ನಿನ್ನ ಎದೆಯನ್ನೂ ಬೆನ್ನೆಲುಬನ್ನೂ ಗಟ್ಟಿಯಾಗಿಟ್ಟಿರಲಿ.

ನಿನ್ನ ಅಜ್ಜಿ,
ಜುಲ್ಮೀರಾ

ಮರೆತಿದ್ದೆ: ಈ ಕಾಗದ ಒಯ್ಯುವ ಬಸ್ಸಿನ ದಮಿಯಾನ್ ಹಾರ್ನ್ ಒತ್ತುತ್ತಿದ್ದಾನೆ, ಬೇಗ ಹೇಳುತ್ತೇನೆ. ನಿನ್ನೆ ಸಂತೆಯಲ್ಲಿ ಆ ಬರಿಯ ಹಗ್ಗಕ್ಕೆ ನಿಮ್ಮ ತಾತನ ಕಲೆಯಾದ ಅಂಗಿ ಸಿಕ್ಕಿಸಿ, ಬಾವಿಯ ಪದ್ಯದಿಂದ ಕೊನೆಯವರೆಗೂ ನಾನೇ ಹಾಡಿದೆ. ಆಜ್ಞೆ ಇದ್ದದ್ದು ಮಾರಬಾರದೆಂದು, ಹಾಡಬಾರದೆಂದಲ್ಲ.

ಕೊಡು ಮಗಳೇ ಸಾಬೂನು, ಎಂದನು ದೇವರು,
ಈ ಕಲೆ ತೊಳೆಯಲು ಬೇಕು ಇಬ್ಬರು.

ಎರಡನೆಯ ಸಲ ಇಡೀ ಸಂತೆಯೇ ಹಾಡಿತು. ಪುಸ್ತಕ ಕಿತ್ತ ಪೇದೆಯ ತುಟಿಯೂ ಅಲ್ಲಾಡುತ್ತಿತ್ತು. ಇನ್ನು ನೀನು ಏನು ಬರೆದುಕೊಟ್ಟರೂ ಈ ಊರು ಹಾಡುವುದು ಇದನ್ನೇ. ಕೋಳಿಯನ್ನು ಮಾತ್ರ ನಾನು ಬಿಟ್ಟು ಹಾಡಿದೆ. ಕೋಳಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.