ಟ್ವೆಂಟಿ ಎಂದರೆ ಎಂಟು

ಶಿನ್‌ಚು
ನವೆಂಬರ್ 12, ಬುಧವಾರ

ಪ್ರೀತಿಯ ತಮ್ಮ ಪೋ-ಯಾನ್,

ಬರೀ ಕ್ಷೇಮಸಮಾಚಾರ ಬರೆದು ಲಕೋಟೆ ಅಂಟಿಸುವವಳಿದ್ದೆ. ಲಿಫ್ಟಿನ ವಿಷಯದಲ್ಲಿ ತಪ್ಪು ನಿನ್ನದಲ್ಲ ಎಂಬುದನ್ನು ಇನ್ನೇನು ಹೇಳದೆಯೇ ಬಿಡುತ್ತಿದ್ದೆ. ನಿನ್ನ ಬೆನ್ನುನೋವು ಹೇಗಿದೆ? ಪೆಂಘು ದ್ವೀಪದ ಗಾಳಿಯಲ್ಲಿ ದಿನವಿಡೀ ನಿಂತು ಮಾವನ ಮನೆಯವರ ಸಿಂಪಿ ಬಿಡಿಸುತ್ತೀಯಂತೆ, ಸೊಂಟಕ್ಕೆ ಪಟ್ಟಿ ಕಟ್ಟಿಕೋ. ಫೋನು ಎತ್ತುವುದಿಲ್ಲ ನೀನು, ಅದಕ್ಕೇ ಈ ಕಾಗದ.

ವಿಚಾರಣೆಯ ವರದಿ ಬರುವ ಸೋಮವಾರ ಅಂತಿಮವಾಗುತ್ತದೆ. 'ಮೌಲ್ಯ ಪರಿಶೀಲಿಸದೆ ಬಳಸಿದ ಇಂಜಿನಿಯರ್' ಎಂದು ನಿನ್ನ ಹೆಸರು ಅದರಲ್ಲಿದೆ. ಒಮ್ಮೆ ಮುದ್ರೆ ಬಿದ್ದರೆ ಈ ಊರಿನ ಯಾವ ಲಿಫ್ಟ್ ಕಂಪನಿಯೂ ನಿನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀನು ಮಾಡಿದ್ದಾದರೂ ಏನು? ವೃದ್ಧಾಶ್ರಮದ ಲಿಫ್ಟಿಗೆ ಕೋಡ್ ಬರೆಯುವಾಗ, ಬಾಗಿಲು ಇಪ್ಪತ್ತು ಸೆಕೆಂಡು ತೆರೆದಿರಲಿ ಎಂದು ನಮ್ಮ ಕಂಪನಿಯ ಹಳೆಯ ಪಟ್ಟಿಯಿಂದ 'ಟ್ವೆಂಟಿ' ಎಂಬ ಸ್ಥಿರಾಂಕವನ್ನು, ಹೆಸರು ಕೊಟ್ಟು ಎತ್ತಿಟ್ಟ ಸಂಖ್ಯೆಯನ್ನು, ಎತ್ತಿಕೊಂಡೆ. ಅದರೊಳಗೆ ಕೂತಿದ್ದದ್ದು ಎಂಟು. ಬಾಗಿಲು ಎಂಟಕ್ಕೇ ಮುಚ್ಚಿತು, ಊರುಗೋಲಿನ ಅಜ್ಜಿಯೊಬ್ಬರ ಮಣಿಕಟ್ಟು ಮುರಿಯಿತು.

ಎಂಥ ಪಂಡಿತರಪ್ಪಾ ನಮ್ಮವರು. ಅದು ಬಾಗಿಲು ತೆರೆದಿರುವ ಸಮಯ ಎಂದು ಹೆಸರಿನಲ್ಲೇ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಇಪ್ಪತ್ತಕ್ಕೆ ಟ್ವೆಂಟಿ ಎಂದು ಹೆಸರಿಟ್ಟವರಿಗೆ ಮಕ್ಕಳಿಗೆ ಹೆಸರಿಡುವ ಹಕ್ಕನ್ನು ಯಾರು ಕೊಟ್ಟರೋ. ಮೂರು ವರ್ಷದ ಹಿಂದೆ ಒಂದು ಮಾಲ್‌ನವರು ಬಾಗಿಲು ನಿಧಾನ ಎಂದು ಗೊಣಗಿದಾಗ ಮ್ಯಾನೇಜರ್ ಕುಓ ಮೀಟಿಂಗಿನಲ್ಲಿ ಅಂದದ್ದು ನನಗೆ ಅಕ್ಷರಶಃ ನೆನಪಿದೆ: "ಹೆಸರು ಮುಟ್ಟಬೇಡ್ರಪ್ಪಾ, ನಲವತ್ತು ಫೈಲಲ್ಲಿದೆ, ನಲವತ್ತು ಜನರ ಒಪ್ಪಿಗೆ ಮುದ್ರೆ ಬೇಕಾಗುತ್ತೆ. ನಂಬರ್ ಬದಲಾಯಿಸಿ, ಒಂದೇ ಮುದ್ರೆ ಸಾಕು. ಕಂಪ್ಯೂಟರ್‌ಗೇನು ಹೆಸರು ಓದೋಕೆ ಬರುತ್ತಾ?" ಎಲ್ಲರೂ ನಕ್ಕರು. ಓದುವವರು ಮನುಷ್ಯರು ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದವರು ಬಾಯಿ ಬಿಡಲಿಲ್ಲ.

ಯಂತ್ರಗಳು ಹಠ ಮಾಡದಿರಲಿ ಎಂದು ನಾವು ಮೇಲಿಡುವ ಹಸಿರು ತಿಂಡಿ ಪೊಟ್ಟಣ ಇದೆಯಲ್ಲ, ಅದರ ಅವಧಿ ಮುಗಿಯುವ ಮುನ್ನವೇ ಕುಓ ತಾವೇ ಓಡಿಹೋಗಿ ಹೊಸದು ತರುತ್ತಾರೆ. ಜೋಳದ ಕುರುಕಲಿಗೆ ತೋರಿಸುವ ಭಯಭಕ್ತಿಯಲ್ಲಿ ಕಾಲುಭಾಗ ಸ್ಥಿರಾಂಕಗಳಿಗೆ ತೋರಿಸಿದ್ದರೆ ಆ ಅಜ್ಜಿ ಈಗ ತಮ್ಮ ಕೈಯಿಂದಲೇ ಅನ್ನ ಉಣ್ಣುತ್ತಿದ್ದರು. ನಾನು ಇಷ್ಟು ಜೋರಾಗಿ ಬೈಯುತ್ತಿರುವುದು ಕುಓ ಅವರನ್ನೇ ತಾನೇ ಎಂದು ಬರೆಯುತ್ತಾ ಬರೆಯುತ್ತಾ ಅನುಮಾನ ಬರುತ್ತಿದೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಅತ್ತೆ ಮಾವನಿಗೆ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ಕಾಲ ಸುಖವಾಗಿರು.

ನಿನ್ನ ಅಕ್ಕ,
ಶು-ಚೆನ್

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬರಲಿಲ್ಲ. ಕುಓ ಸಾಕು ಎಂದ ಆ ಒಂದೇ ಮುದ್ರೆ ನನ್ನದು. ಇಪ್ಪತ್ತನ್ನು ಅಳಿಸಿ ಎಂಟು ಬರೆದವಳು ನಾನು; ಹೆಸರು ಸುಳ್ಳಾಯಿತು ಎಂದು ಗೊತ್ತಿದ್ದೇ ಬರೆದೆ. ವಿಚಾರಣೆಯ ದಿನ ನಿನ್ನ ಎದುರಿನ ಕುರ್ಚಿಯಲ್ಲೇ ಕೂತು ಚಹಾ ಕುಡಿದೆ. ಸೋಮವಾರ ಬೆಳಿಗ್ಗೆ ಇದನ್ನೆಲ್ಲ ಬರೆದು ಸಮಿತಿಗೆ ಕೊಡುತ್ತೇನೆ, ಕೆಲಸ ಹೋದರೆ ಹೋಗಲಿ. ಬೇರೆಯವರ ಬಾಯಿಂದ ಕೇಳುವ ಮೊದಲು ನಿನಗೆ ನನ್ನಿಂದಲೇ ತಿಳಿಯಬೇಕು. ನನ್ನ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲ, ಅದಕ್ಕೆ ದಿನ ಬರೆದಿಡುತ್ತಿದ್ದೇನೆ: ಇದನ್ನು ಅಂಚೆಗೆ ಹಾಕುವುದು ನಾಳೆ, ನವೆಂಬರ್ 13, ಗುರುವಾರ.