ರುಚಿ ನೋಡದ ದಿನ

ಅಣ್ಣನ ಮನೆ
ಮೇ ೧೨

ನನ್ನ ಮಗಳ ತಂದೆಯವರಿಗೆ,

ನಿಮ್ಮ ಪತ್ರ ತಲುಪಿತು. ಒಂಬತ್ತು ವರ್ಷ ಜೈಲಿನ ವಿಳಾಸಕ್ಕೆ ಒಂದು ಸಾಲೂ ಬರೆಯದವರು ಈಗ ನಾಲ್ಕು ಪುಟ ತುಂಬಿಸಿದ್ದೀರಿ. ನಾನು ನಿರಪರಾಧಿ ಎಂದು ಮೇಲಿನ ಕೋರ್ಟು ಹೇಳಿದ ಮೇಲೆ ನಿಮಗೂ ಹಾಗೇ ಅನ್ನಿಸತೊಡಗಿದೆಯಂತೆ. ದೊಡ್ಡ ಮನಸ್ಸು. ಆದದ್ದು ಆಯಿತು, ಮನೆಗೆ ಬಾ ಎಂದಿದ್ದೀರಿ. ಆದದ್ದು ನಿಮಗಲ್ಲವಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಆಗಿಹೋಗಿದೆ.

ಪತ್ರಿಕೆಯವರು ಬಂದು ಹಾಸ್ಟೆಲಿನ ಅಡುಗೆಮನೆಯ ಕಥೆ ಕೇಳುತ್ತಾರೆ. ಹೇಳುತ್ತೇನೆ. ಹಿಟ್ಟು ತಂದ ಲಾರಿಯಲ್ಲಿ ಇಲಿಪಾಷಾಣದ ಚೀಲ ಒಡೆದಿತ್ತು. ಲಾರಿಯವನು ಕಳೆದ ವರ್ಷ ಸಾಯುವ ಮುಂಚೆಯಷ್ಟೇ ಬಾಯಿ ಬಿಟ್ಟ. ಆ ಹಿಟ್ಟಿನ ಗಂಜಿ ಕುಡಿದು ಇಬ್ಬರು ಹುಡುಗರು ಸತ್ತರು. ಬಡಿಸಿದ್ದು ನನ್ನ ಕೈ. ಆ ಸಂಕಟ ನನ್ನದೇ, ಅದರಲ್ಲಿ ನಿಮಗೆ ಪಾಲು ಕೊಡುವುದಿಲ್ಲ.

ಉಪ್ಪು ನೋಡದೆ ನಾನು ಎಂದೂ ಬಡಿಸಿದವಳಲ್ಲ. ಸರ್ಕಾರಿ ವಕೀಲರು ಅದನ್ನೇ ಹಿಡಿದುಕೊಂಡರು. ದಿನಾ ರುಚಿ ನೋಡುವವಳು ಅಂದು ಮಾತ್ರ ಯಾಕೆ ಬಾಯಿಗಿಡಲಿಲ್ಲ, ವಿಷವಿದೆ ಎಂದು ಗೊತ್ತಿದ್ದರಿಂದಲೇ ಎಂದರು. ನ್ಯಾಯಾಧೀಶರು ತಲೆದೂಗಿದರು. ಓದಿದವರಿಗೆ ಎಲ್ಲ ಎಷ್ಟು ಬೇಗ ಅರ್ಥವಾಗುತ್ತದೆ ನೋಡಿ. ಬೆಳಿಗ್ಗೆ ದವಡೆ ಹಲ್ಲು ಕೀಳಿಸಿಕೊಂಡಿದ್ದೆ, ಬಾಯ್ತುಂಬ ಹತ್ತಿ ಇತ್ತು ಎಂದು ಬಡಕೊಂಡೆ. ಹಲ್ಲು ಕಿತ್ತವನು ಅಷ್ಟರಲ್ಲಿ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ಜೊತೆಗೆ ಬಂದವರು ಯಾರಾದರೂ ಇದ್ದಾರಾ ಎಂದು ಕೇಳಿದರು. ಇದ್ದರು.

ನೀವು ಕಟಕಟೆ ಹತ್ತಿ, ಆ ಬೆಳಿಗ್ಗೆ ಗೋದಾಮಿನ ಕಾವಲು ಬಿಟ್ಟು ಕದಲಲೇ ಇಲ್ಲ, ಹಲ್ಲಿನ ಸಂಗತಿ ಗೊತ್ತೇ ಇಲ್ಲ ಎಂದಿರಿ. ಕಾವಲು ಬಿಟ್ಟು ಬಂದದ್ದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ನನ್ನ ಕುರ್ಚಿಯ ಪಕ್ಕ ನಿಂತಿದ್ದವರು ನೀವೇ. ಪಾಪ, ರಕ್ತ ಕಂಡು ನಿಮಗೇ ತಲೆ ಸುತ್ತಿತ್ತು. ಹಲ್ಲಿನವನು ನನ್ನನ್ನು ಬಿಟ್ಟು ನಿಮಗೆ ನೀರು ಕುಡಿಸಿದ. ಈಗ ಅದೇ ಗೋದಾಮಿನಲ್ಲಿ ಮೇಲ್ವಿಚಾರಕರಾಗಿದ್ದೀರಂತೆ. ನಂಬಿಕಸ್ಥರು ಎಂದು ಬಡ್ತಿ ಕೊಟ್ಟರಂತೆ. ಅಭಿನಂದನೆಗಳು.

ನಾನು ಜೈಲಿಗೆ ಹೋದಾಗ ಮಗಳಿಗೆ ಎಂಟು ವರ್ಷ. ಅಮ್ಮನೇ ಕೊಂದಳು ಎಂದು ನಂಬಿ ಬೆಳೆದಳು, ಒಮ್ಮೆಯೂ ನೋಡಲು ಬರಲಿಲ್ಲ. ಅವಳನ್ನು ದೂರುವುದಿಲ್ಲ. ಹೆತ್ತ ಅಪ್ಪನೇ ಹಾಗೆ ಸಾಕ್ಷಿ ಹೇಳಿದ ಮೇಲೆ ಮಗು ಇನ್ಯಾರನ್ನು ನಂಬಬೇಕು? ನನಗೆ ಪರಿಹಾರ ಬೇಡ, ಸನ್ಮಾನ ಬೇಡ. ಅವಳು ನನ್ನನ್ನು ನಂಬಬೇಕು, ಅಷ್ಟೇ. ನೀವೋ, ಹಲ್ಲಿನ ವಿಷಯ ಮಾತ್ರ ಅವಳಿಗೆ ಹೇಳಬೇಡ, ಅವಳ ಕಣ್ಣಲ್ಲಿ ಸಣ್ಣವನಾಗಿಬಿಡುತ್ತೇನೆ ಎಂದು ಕೊನೆಯ ಪುಟದಲ್ಲಿ ಕೈ ಮುಗಿದಿದ್ದೀರಿ. ನಾನಾಗಿ ಹೇಳಿಲ್ಲ. ನಿಮ್ಮ ಪತ್ರ ಬರುವವರೆಗೂ ನನ್ನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

ಮನೆಗೆ ಬರುವುದಿಲ್ಲ.

ಇಂತಿ,
ನಿಮ್ಮ ಹೆಂಡತಿಯಾಗಿದ್ದವಳು

ಇನ್ನೊಂದು ಮಾತು: ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಓದಲು ಬರೆಯಲು ಆಗುವುದಿಲ್ಲ. ತೀರ್ಪಿನ ಸುದ್ದಿ ಓದಿ, ಗೆಳತಿಯ ಮನೆಗೆ ಎಂದು ನಿಮಗೆ ಹೇಳಿ, ಮೊನ್ನೆ ಒಬ್ಬಳು ಇಲ್ಲಿಗೆ ಬಂದಿದ್ದಾಳೆ. ನಿಮ್ಮ ಪತ್ರವನ್ನು ನನಗೆ ಓದಿ ಹೇಳಿದವಳು ಅವಳೇ, ಕೊನೆಯ ಪುಟದವರೆಗೂ. ಇದನ್ನು ಬರೆಯುತ್ತಿರುವವಳೂ ಅವಳೇ. ಅಕ್ಷರ ನೋಡಿ ನಿಮಗೆ ಮೊದಲ ಸಾಲಿಗೇ ಗೊತ್ತಾಗಿರಬೇಕು.

ಅಪ್ಪ, ಇಷ್ಟು ಮಾತ್ರ ನನ್ನದು. ಭಾನುವಾರ ನನ್ನ ಬಟ್ಟೆ, ಪುಸ್ತಕ ತೆಗೆದುಕೊಂಡು ಹೋಗಲು ಬರುತ್ತೇನೆ. ಆಗ ನೀನು ಮನೆಯಲ್ಲಿ ಇರಬೇಡ.